ಹುಳುವಿನ ಮನೆಯ ಹೇನು

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದ ಸುಗುಣ ಚೀಲ ಇಳಿಸುವ ಮೊದಲೇ ಎರಡೂ ಕೈಯಿಂದ ತಲೆ ಕೆರೆದುಕೊಂಡಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಮೇಷ್ಟ್ರು ನನ್ನೊಬ್ಬಳನ್ನೇ ಬಾಗಿಲ ಹತ್ರ ಕೂರಿಸಿದ್ರಮ್ಮ. ಹೇನು ಹೋಗೋ ತನಕ ಸ್ಕೂಲ್ ಕಡೆ ತಲೆ ಹಾಕ್ಬೇಡ ಅಂದ್ರು."

ಭಾರತಮ್ಮ ಮಗಳನ್ನು ಜಗಲಿಯ ಬಿಸಿಲಿಗೆ ಎಳೆದು ಜಡೆ ಬಿಚ್ಚಿದಳು. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ, ಬಿಳಿ ಎಳ್ಳು ಚೆಲ್ಲಿದ ಹಾಗೆ ಸೀರು. ಬೈತಲೆಯ ಪಕ್ಕದಲ್ಲೇ ಒಂದು ದಪ್ಪ ಹೇನು ಯಾರ ಭಯವೂ ಇಲ್ಲದೆ ಹೊರಟಿತ್ತು.

"ಯಾರ ಪಕ್ಕ ಕೂರ್ತೀಯೆ ಸ್ಕೂಲಲ್ಲಿ?"

ಉತ್ತರ ಅವಳಿಗೆ ಗೊತ್ತೇ ಇತ್ತು. ಆದರೂ ಮಗಳ ಬಾಯಿಂದ ಬರಲಿ ಎಂದು ಕಾದಳು.

"ಪ್ರಮೀಳನ ಪಕ್ಕ."

ಪ್ರಮೀಳ ಭಾರತಮ್ಮನ ವಾರಗಿತ್ತಿ ವೆಂಕಟರತ್ನಮ್ಮನ ಮಗಳು. ಎರಡು ವರ್ಷದ ಹಿಂದೆ ಅಣ್ಣ ತಮ್ಮಂದಿರು ಭಾಗವಾದಾಗ ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಅಂಗಳ ಮಾತ್ರ ಇನ್ನೂ ಒಂದೇ. ಅಂದಿನಿಂದ ಈ ಕಡೆ ಹಾಲು ಒಡೆದರೂ, ಕೋಳಿ ಮೊಟ್ಟೆ ಇಡದಿದ್ದರೂ ಭಾರತಮ್ಮನ ಕಣ್ಣು ಆ ಗೋಡೆಯ ಕಡೆಗೇ ಹೋಗುತ್ತಿತ್ತು.

"ನೋಡಿದ್ರಾ ಅತ್ತೆ? ಅವಳ ಮಗಳ ತಲೆಯಿಂದ ನನ್ನ ಮಗಳ ತಲೆಗೆ."

ಅತ್ತೆ ಆಂಜಿನಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು. "ಹೇನು ಬಂದ ದಾರಿ ಆಮೇಲೆ ಹುಡುಕೋವಂತೆ. ಮೊದ್ಲು ಹೋಗೋ ದಾರಿ ನೋಡವೇ. ಸೀಮೆಎಣ್ಣೆ ಹಚ್ಚು."

"ಹುಳ ಇರೋ ಮನೇಲಿ ಸೀಮೆಎಣ್ಣೆನಾ? ಏನ್ ಮಾತು ಅಂತ ಆಡ್ತೀರಾ!"

ಆಂಜಿನಮ್ಮ ನಾಲಿಗೆ ಕಚ್ಚಿಕೊಂಡಳು. ಒಳಕೋಣೆಯಲ್ಲಿ ಎಂಟು ತಟ್ಟೆ ರೇಷ್ಮೆ ಹುಳ ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಇನ್ನು ಐದಾರು ದಿನ ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದರೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು. ಅಷ್ಟು ದಿನ ಆ ಮನೆಯಲ್ಲಿ ಬೀಡಿ ಇಲ್ಲ, ಊದಿನಕಡ್ಡಿ ಇಲ್ಲ, ಒಗ್ಗರಣೆಯ ಘಾಟೂ ಇಲ್ಲ. ಮಲೇರಿಯಾದವರು ಡಿಡಿಟಿ ಹೊಡೆಯಲು ಬಂದರೆ ಭಾರತಮ್ಮ ಬಾಗಿಲಿಗೆ ಅಡ್ಡ ಮಲಗುವವಳೇ. ಹೇನಿಗೆ ಇದ್ದ ಔಷಧಿಯೆಲ್ಲ ಹುಳುವಿಗೆ ವಿಷ.

"ಹಂಗಾದ್ರೆ ಮುನಿಯಲ್ಲಪ್ಪನ್ನ ಕರ್ಸಿ ಬೋಳಿಸಿಬಿಡು."

"ಬೇಡ ಕಣಜ್ಜಿ!" ಸುಗುಣ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡಳು.

ಭಾರತಮ್ಮನಿಗೆ ತವರಿನ ಮದ್ದು ನೆನಪಾಯಿತು. ಭಾನುವಾರ ಬೆಳಿಗ್ಗೆ, ಕೂಡಿಟ್ಟಿದ್ದ ಸೀತಾಫಲದ ಬೀಜವನ್ನು ಕುಟ್ಟಿ, ಅರೆದು, ಹರಳೆಣ್ಣೆಯಲ್ಲಿ ಕಲೆಸಿದಳು. ಹೊಗೆಯಿಲ್ಲ, ಘಾಟಿಲ್ಲ. ಮಕ್ಕಳು ತಿಂದು ಉಗಿಯುವ ಬೀಜ, ಇದರಿಂದ ಹುಳುವಿಗೇನು? ಕಣ್ಣಿಗೆ ಬೀಳದಂತೆ ಮಗಳ ಹಣೆಗೆ ಕೈ ಅಡ್ಡ ಹಿಡಿದು ಬುಡಬುಡಕ್ಕೂ ಹಚ್ಚಿದಳು. ಕಟ್ಟಲು ಮೆತ್ತನೆಯ ಬಟ್ಟೆ ಬೇಕಿತ್ತು. ಸೊಪ್ಪು ಬಾಡದಂತೆ ಅದರ ಮಂಕರಿಗೆ ಒದ್ದೆ ಮಾಡಿ ಹೊದಿಸುವ ಹಳೆಯ ಪಂಚೆಯ ತುಂಡೇ ಸಿಕ್ಕಿತು. ಮಧ್ಯಾಹ್ನ ಬಿಚ್ಚಿ ಸೀಗೆಪುಡಿ ಹಾಕಿ ಎರೆದಾಗ ಹೇನು ಉದುರಿ ಬಚ್ಚಲಲ್ಲಿ ತೇಲಿದವು. ಪಂಚೆಯ ತುಂಡನ್ನು ಎರಡು ಸಲ ಜಾಲಿಸಿ ಬೇಲಿಯ ಮೇಲೆ ಹರವಿ, ಸೋಮವಾರ ಬೆಳಿಗ್ಗೆ ಮತ್ತೆ ಒದ್ದೆ ಮಾಡಿ ಸೊಪ್ಪಿಗೆ ಹೊದಿಸಿದಳು.

ಅದೇ ಸೋಮವಾರ, ಎರಡು ವರ್ಷದಲ್ಲಿ ಮೊದಲ ಸಲ, ವೆಂಕಟರತ್ನಮ್ಮ ಹುಳುವಿನ ಕೋಣೆಯ ಹೊಸಿಲ ಹತ್ತಿರ ಬಂದು ನಿಂತಳು.

"ಸುಗುಣನ್ನ ಸ್ಕೂಲಿಂದ ಕಳ್ಸಿದ್ರಂತೆ. ನಮ್ಮ ಪ್ರಮೀಳಂಗೂ ಆಗಿತ್ತು. ಈ ಬಾಚಣಿಗೆ ಒತ್ತು ಹಲ್ಲಿಂದು, ದಿನಾ ಬಾಚಿದ್ರೆ ಸೀರೂ ಬರ್ತದೆ. ತಗೋ."

"ನಮ್ಮನೇಲಿ ಬಾಚಣಿಗೆ ಇಲ್ವಾ?"

"ಇದ್ರೆ ಇರ್ಲಿ ಬಿಡು." ವೆಂಕಟರತ್ನಮ್ಮನ ಕಣ್ಣು ಒಳಗೆ ಹೋಯಿತು. "ಹುಳ ಚೆನ್ನಾಗಿ ಎದ್ದಿದೆ ಕಣೇ."

ಅವಳು ಹೋದ ಮೇಲೆ ಭಾರತಮ್ಮ ಹೊಸಿಲಿಗೆ ನೀರು ಹಾಕಿ ಒರೆಸಿದಳು. ಎರಡು ವರ್ಷ ಬಾರದವಳು ಇವತ್ತೇ ಯಾಕೆ ಬಂದಳು? ಬಾಚಣಿಗೆ ಕೊಡುವುದಕ್ಕೆ ಅಂಗಳ ಸಾಲದಾಗಿತ್ತೆ? ಸೆರಗಿನೊಳಗೆ ಎಡಗೈ ಯಾಕಿತ್ತು?

ಸಂಜೆ ಸೊಪ್ಪು ಹಾಕಲು ಹೋದಾಗ ಮೇಲಿನ ನಾಲ್ಕು ತಟ್ಟೆಯಲ್ಲಿ ಹುಳ ಸೊಪ್ಪು ಮುಟ್ಟಿರಲಿಲ್ಲ. ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಬಾಯಿಂದ ಹಸಿರು ನೀರು. ಮುಟ್ಟಿದರೆ ಸೊಂಟ ಮುರಿದವರಂತೆ ಮುದುರುತ್ತಿದ್ದವು. ಕೆಳಗಿನ ನಾಲ್ಕು ತಟ್ಟೆಯಲ್ಲಿ ಮಾತ್ರ ಮಳೆ ಸುರಿದ ಹಾಗೆ ಸೊಪ್ಪು ತಿನ್ನುವ ಸದ್ದು.

ಮೇಲಿನ ತಟ್ಟೆಗಳೇ ಹೊಸಿಲಲ್ಲಿ ನಿಂತವರ ಕೈ ಎತ್ತರಕ್ಕೆ ಇದ್ದದ್ದು. ಭಾರತಮ್ಮನಿಗೆ ಇನ್ನೇನೂ ಬೇಕಾಗಲಿಲ್ಲ.

"ನನ್ನ ಹುಳುವಿಗೆ ಏನೇ ಎರಚಿದೆ?" ಅಂಗಳದಲ್ಲಿ ನಿಂತು ಕೂಗಿದಳು. "ಡಿಡಿಟಿನಾ? ಮಗಳ ತಲೆಗೆ ಹಾಕಿ ಮಿಕ್ಕಿದ್ದಾ?"

"ಬಾಯಿಗೆ ಬಂದಂಗೆ ಆಡ್ಬೇಡ ಭಾರತಿ. ನಾನು ಹೊಸಿಲು ದಾಟಿಲ್ಲ."

"ದಾಟೋದ್ಯಾಕೆ? ಕೈ ಉದ್ದ ಇಲ್ವಾ ನಿಂದು!"

ನೆರೆಯವರು ಬಂದರು. ಭಾರತಮ್ಮನ ಗಂಡ ಕೋದಂಡರಾಮಪ್ಪ ಮುದುರಿದ ಹುಳುಗಳನ್ನು ಮೊರದಲ್ಲಿ ತಂದು ಅಣ್ಣನ ಬಾಗಿಲಿಗೆ ಸುರಿದ. ಊರಿನ ಹಿರಿಯ ಗಂಗುಲಪ್ಪ ಮಂಗಳವಾರ ಇಬ್ಬರ ಮಾತೂ ಕೇಳಿದ. ನೋಡಿದವರಿಲ್ಲ, ಸಾಕ್ಷಿ ಇಲ್ಲ. ಹಾಗಾಗಿ ಗುರುವಾರ ಬೆಳಿಗ್ಗೆ ಆಂಜನೇಯನ ಗುಡಿಯಲ್ಲಿ ವೆಂಕಟರತ್ನಮ್ಮ ಕರ್ಪೂರ ಆರಿಸಿ ಪ್ರಮಾಣ ಮಾಡಲಿ ಎಂದು ಹೇಳಿದ. ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ಸುಳ್ಳು ಹೇಳಿದರೆ ಮಕ್ಕಳ ಮೇಲೆ ಬರುತ್ತದೆ ಎಂದು ಊರಿನ ನಂಬಿಕೆ.

"ಆರಿಸ್ತೀನಿ," ಎಂದಳು ವೆಂಕಟರತ್ನಮ್ಮ. ದನಿ ನಡುಗಲಿಲ್ಲ. ನಡುಗದ್ದನ್ನೂ ಭಾರತಮ್ಮ ಅನುಮಾನದಿಂದಲೇ ನೋಡಿದಳು. ಎಷ್ಟು ಗಟ್ಟಿ ಎದೆ ಇವಳದು!

ಬುಧವಾರ ಮಧ್ಯಾಹ್ನ ಸುಗುಣನ ತಲೆ ನೋಡಿದರೆ ಹೇನಿರಲಿಲ್ಲ. ಆದರೆ ಸೀರು ಕೂದಲಿಗೆ ಹಾಗೇ ಕಚ್ಚಿಕೊಂಡಿತ್ತು. ಮರಿಯಾಗುವ ಮೊದಲು ಇನ್ನೊಂದು ಸಲ ಹಚ್ಚಬೇಕು. ಭಾರತಮ್ಮ ಬೀಜ ಅರೆದಿಟ್ಟು ಪಂಚೆಯ ತುಂಡು ತರಲು ಒಳಗೆ ಹೋದಳು.

ತುಂಡನ್ನು ಬೆಳಕಿಗೆ ಹಿಡಿದಾಗ ನಡುವೆ ಎಣ್ಣೆಯ ಕಲೆ ಕಂಡಿತು. ಮಡಿಕೆಯಲ್ಲಿ ಕಂದು ಹಿಟ್ಟು ಕೂತಿತ್ತು. ಉಗುರಿನಿಂದ ಕೆರೆದಳು. ಕೈ ಅಲ್ಲೇ ನಿಂತಿತು.

ಸೋಮವಾರ ಈ ತುಂಡು ಹೊದಿಸಿದ್ದು ದೊಡ್ಡ ಮಂಕರಿಗೆ. ಆ ಮಂಕರಿಯ ಸೊಪ್ಪು ಹೋದದ್ದು ಮೇಲಿನ ನಾಲ್ಕು ತಟ್ಟೆಗೆ. ಕೆಳಗಿನ ತಟ್ಟೆಗಳಿಗೆ ಗೋಣಿಯ ಕೆಳಗಿದ್ದ ಸೊಪ್ಪು.

ಇರಲಾರದು, ಎಂದುಕೊಂಡಳು. ಸೀತಾಫಲದ ಬೀಜ. ಆದರೂ ಒಂದು ಸೊಪ್ಪಿನ ಎಲೆಯನ್ನು ಆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕೆಳಗಿನ ತಟ್ಟೆಯಿಂದ ಎರಡು ಹುಳ ತೆಗೆದು ಅದರ ಮೇಲೆ ಬಿಟ್ಟು, ಬಾಗಿಲು ಹಾಕಿಕೊಂಡು ಎದುರಿಗೆ ಕುಳಿತಳು. ಹುಳಗಳು ಎಲೆಯ ಅಂಚು ಕಡಿದವು. ತಿನ್ನಲಿ ಎಂದು ಬೇಡಿಕೊಂಡಳು. ಮೂರು ಗಂಟೆಯ ಶ್ರೀನಿವಾಸಪುರದ ಬಸ್ಸು ಹೋದ ಸದ್ದು ಕೇಳಿದ ಸ್ವಲ್ಪ ಹೊತ್ತಿಗೆ ಒಂದು ಹುಳ ತಲೆ ಎತ್ತಿ ತೂಗಿತು. ಆಮೇಲೆ ಇನ್ನೊಂದು. ಎಲೆಯ ಮೇಲೆ ಹಸಿರು ನೀರು.

ಹೇನು ಸಾಯುವುದಾದರೆ ಹುಳ ಯಾಕೆ ಸಾಯುವುದಿಲ್ಲ? ಇಷ್ಟು ಸಣ್ಣ ಮಾತು ತಲೆಗೆ ಹೊಳೆದಿರಲಿಲ್ಲ.

ಬಟ್ಟೆಯನ್ನೂ ಅರೆದ ಬೀಜವನ್ನೂ ಹಿತ್ತಲ ನೀರೊಲೆಗೆ ಹಾಕಿದಳು. ಗಂಡನಿಗೆ ಹೇಳಬೇಕು ಅಂದುಕೊಂಡಳು. ಅವನು ಬಂದ. ಊಟಕ್ಕೆ ಇಟ್ಟಳು, ಹೇಳಲಿಲ್ಲ. ತಪ್ಪು ಮಾಡದವಳು ಕರ್ಪೂರ ಆರಿಸಿದರೆ ಅವಳಿಗೇನು ಕೆಡುಕಾಗುತ್ತದೆ? ಅಂಗೈ ಒಂದಿಷ್ಟು ಸುಟ್ಟೀತು, ಅಷ್ಟೆ. ಹುಳುವಿಗೆ ಏನೋ ರೋಗ ಬಂತು ಎಂದು ಊರು ಮರೆಯುತ್ತದೆ. ಹಾಗೆಂದು ಎಷ್ಟೋ ಸಲ ಹೇಳಿಕೊಂಡು, ಕಲೆಸಿದ ಅನ್ನವನ್ನು ಎತ್ತಿ ಬದಿಗಿಟ್ಟಳು.

ಗುರುವಾರ ಬೆಳಿಗ್ಗೆ ಗುಡಿಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ವೆಂಕಟರತ್ನಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಬಂದಳು. ಸೆರಗು ಹಿಡಿದು ಪ್ರಮೀಳ. ಆ ಮಗುವಿನ ಕಣ್ಣು ಸುಗುಣನನ್ನು ಹುಡುಕಿ, ಸಿಕ್ಕಿದ ಕೂಡಲೇ ಕೆಳಗಿಳಿಯಿತು.

ಪೂಜಾರಿ ಕಲ್ಲಿನ ಮೇಲೆ ಕರ್ಪೂರ ಹಚ್ಚಿದ.

"ನನ್ನ ಮಗಳ ಮೇಲಾಣೆ," ಎಂದು ವೆಂಕಟರತ್ನಮ್ಮ ಎಡಗೈಯನ್ನು ಪ್ರಮೀಳನ ತಲೆಯ ಮೇಲಿಟ್ಟು ಬಲಗೈ ಚಾಚಿದಳು.

ಮಗುವಿನ ತಲೆಯ ಮೇಲಿದ್ದ ಆ ಕೈಯನ್ನು ನೋಡಿ ಭಾರತಮ್ಮನಿಗೆ ತಡೆಯಲಾಗಲಿಲ್ಲ.

"ಆರಿಸ್ಬೇಡ ಅಕ್ಕ. ನೀನೇನೂ ಮಾಡಿಲ್ಲ." ಎಲ್ಲರೂ ತಿರುಗಿದರು. "ಸುಗುಣನ ಹೇನಿಗೆ ಸೀತಾಫಲದ ಬೀಜ ಹಚ್ಚಿದ್ದೆ. ತಲೆಗೆ ಕಟ್ಟಿದ ಬಟ್ಟೆನೇ ಸೊಪ್ಪಿಗೆ ಹೊದಿಸಿದೆ. ನನ್ನ ಹುಳ ನಾನೇ ಸಾಯಿಸಿದೆ."

ಕೋದಂಡರಾಮಪ್ಪ ತಲೆ ತಗ್ಗಿಸಿದ. "ಥೂ ನಿನ್ನ!" ಎಂದಳು ಆಂಜಿನಮ್ಮ. ಯಾರೋ ಹೆಂಗಸು ಕಿಸಕ್ಕೆಂದು ನಕ್ಕಳು. ಗಂಗುಲಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ, "ಸರಿ, ಗೊತ್ತಿಲ್ದೆ ಆಗಿದ್ದು. ಮುಗೀತಲ್ಲ, ಮನೆಗೆ ನಡೀರಿ," ಎಂದ.

ವೆಂಕಟರತ್ನಮ್ಮ ಮಾತ್ರ ಕೈ ಹಿಂದೆಗೆಯಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

ಈಗ ತಾನೆ ಅನ್ನಬಹುದಿತ್ತು. ಯಾರೂ ನೋಡಿರಲಿಲ್ಲ, ಬಟ್ಟೆ ಬೂದಿಯಾಗಿತ್ತು.

"ನೆನ್ನೆ ಮಧ್ಯಾಹ್ನ," ಎಂದಳು ಭಾರತಮ್ಮ.

ವೆಂಕಟರತ್ನಮ್ಮ ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎನ್ನುವ ಹಾಗೆ. "ನೆನ್ನೆ ಸಂಜೆ ಇಬ್ರೂ ಒಂದೇ ಅಂಗಳ ಗುಡಿಸಿದ್ವಲ್ಲೇ."

ಭಾರತಮ್ಮ ಸುಗುಣನನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ನೀನು ಈಗ ಹೇಳಿದ್ದನ್ನ ಊರು ನಂಬ್ತದೋ, ಗೋಡೆ ಒಳಗೇ ಇಬ್ರೂ ರಾಜಿಯಾದ್ರು ಅಂತದೋ, ಯಾರಿಗೆ ಗೊತ್ತು," ಎಂದು ವೆಂಕಟರತ್ನಮ್ಮ ಮಗಳ ತಲೆಯ ಮೇಲಿನ ಕೈ ತೆಗೆಯದೆಯೇ ಉರಿಯ ಮೇಲೆ ಅಂಗೈ ಒತ್ತಿದಳು. "ನಾನು ಮಾಡಿಲ್ಲ."

ಸಣ್ಣ ಹೊಗೆ ಎದ್ದಿತು. ಅವಳು ಪ್ರಮೀಳನ ಕೈ ಹಿಡಿದು ಮೆಟ್ಟಿಲಿಳಿದಳು. ಸುಗುಣ ಅವರ ಹಿಂದೆ ಒಂದು ಹೆಜ್ಜೆ ಹೋದವಳು ನಿಂತು, ಅಮ್ಮನ ಮುಖ ನೋಡಿದಳು.

"ಹೋಗು," ಎಂದಳು ಭಾರತಮ್ಮ. "ಪ್ರಮೀಳ ಕರೆದ್ರೆ ಪಕ್ಕ ಕೂತ್ಕೋ. ಕರೀದಿದ್ರೆ ವಾಪಸ್ ಬಾ."