ಆಡಿನ ಬಾಯಿಗೆ ಉಪ್ಪಿಟ್ಟು

ಅಜ್ಜಿ ಹೇಳಿದ ಕಥೆಗಳು ನನ್ನ ತಲೆಯಲ್ಲಿ ನಿಲ್ಲದೆ ಕೈಗೆ ಇಳಿದುಬಿಟ್ಟವು. ಹಾಗಾಗಿ ನಾನು ಗೋಡೆಗಳಿಗೆ ಚಿತ್ರ ಬರೆಯುತ್ತೇನೆ. ಮಕ್ಕಳ ಕೋಣೆ, ಅಂಗನವಾಡಿ, ಕ್ಲಿನಿಕ್ಕು, ಯಾರು ಕರೆದರೂ ಬಣ್ಣದ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಡುವುದು. ಇದಕ್ಕೆ ಫ್ರೀಲ್ಯಾನ್ಸ್ ಎಂಬ ಹೆಸರುಂಟು. ಅಮ್ಮನ ಬಾಯಲ್ಲಿ ಮಾತ್ರ ಇದರ ಹೆಸರು 'ಒಂದು ಕೆಲಸ ಅಂತ ಆಗುವವರೆಗೆ'.

ಆ ಕೆಲಸವೂ ಆಗಿತ್ತು. ಉಪ್ಪಳ ಪೇಟೆಯಲ್ಲಿ ಯೋಗೀಶ ಮಾವನ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಬಿಲ್ಲು ಹಾಕುವ ಕುರ್ಚಿ ಖಾಲಿಯಾಗಿತ್ತು. ಸೋಮವಾರದಿಂದ ಸೌಮ್ಯಶ್ರೀ ಬರುತ್ತಾಳೆ ಎಂದು ಅಮ್ಮ ತನ್ನ ಅಣ್ಣನಿಗೆ ಮಾತು ಕೊಟ್ಟಾಗಿತ್ತು. ಮೊಳೆ, ಪೈಪು, ಬೀಗಗಳ ನಡುವೆ ಕುಳಿತ ನನ್ನನ್ನು ಕಲ್ಪಿಸಿಕೊಂಡರೆ, ರಾಕ್ಷಸ ಹೊತ್ತೊಯ್ದು ಕೂಡಿಹಾಕಿದ ರಾಜಕುಮಾರಿಯರೆಲ್ಲ ನನಗೆ ಹತ್ತಿರದ ನೆಂಟರಂತೆ ಕಾಣುತ್ತಿದ್ದರು. ಮಾವ ಪಾಪ, ರಾಕ್ಷಸರಲ್ಲ. ಮಧ್ಯಾಹ್ನ ಊಟವನ್ನೂ ಕೊಡುತ್ತಾರೆ.

ಬಿಡಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಮಂಗಳೂರಿನ ಹೊಸ ಪ್ಲೇಸ್ಕೂಲೊಂದರ ಮೆಟ್ಟಿಲ ಗೋಡೆ ಕೆಳಗಿನಿಂದ ಮೇಲಿನ ಮಹಡಿಯವರೆಗೆ ಖಾಲಿ ಇತ್ತು. ಅದು ಸಿಕ್ಕರೆ ಅವರ ಬೇರೆ ಶಾಖೆಗಳ ಗೋಡೆಗಳೂ ನನ್ನವೇ. ಅಲ್ಲಿಯ ಮೆರ್ಲಿನ್ ಮೇಡಂ ಬುಧವಾರ ಫೋನು ಮಾಡಿದರು.

"ಫೋಟೋ ಎಲ್ಲ ಇಷ್ಟ ಆಗಿದೆ. ಆದ್ರೆ ನಮ್ಮ ಮ್ಯಾನೇಜ್‌ಮೆಂಟಿನವರು ಪುಣೆಯವರು. ಫೋಟೋ ಯಾರದ್ದು ಬೇಕಾದ್ರೂ ಕಳಿಸ್ಬಹುದಲ್ಲ ಅಂತಾರೆ. ನೀವು ಚಿತ್ರ ಮಾಡಿಕೊಟ್ಟವರು ಮೂರು ಜನ ನಿಮ್ಮ ಬಗ್ಗೆ ಮಾತಾಡಿದ ವಿಡಿಯೊ ಬೇಕಂತೆ. ಶನಿವಾರದೊಳಗೆ, ಆಯ್ತಾ?"

ಇದೆಂತ ದೊಡ್ಡ ವಿಷಯ ಎಂದುಕೊಂಡು ನಾನು ಮೊದಲು ಉಪ್ಪಳದ ಹಲ್ಲಿನ ಡಾಕ್ಟರ್ ವೆಂಕಟಕೃಷ್ಣರ ಕ್ಲಿನಿಕ್ಕಿಗೆ ಹೋದೆ. ಅವರ ಗೋಡೆಯಲ್ಲಿ ನನ್ನ ಮೊಸಳೆ ಬಾಯಿ ತೆರೆದು ಮಲಗಿದೆ. ಹಕ್ಕಿಯೊಂದು ಕನ್ನಡಕ ಹಾಕಿಕೊಂಡು ಅದರ ಹಲ್ಲು ನೋಡುತ್ತಿದೆ. ಡಾಕ್ಟರು ಕೂದಲು ಸರಿಮಾಡಿಕೊಂಡು ಫೋನಿನ ಮುಂದೆ ಗಂಭೀರವಾಗಿ ನಿಂತರು.

"ಚಿತ್ರ ಅಡ್ಡಿಲ್ಲ," ಎಂದರು.

ನಾನು ಕಾದೆ. ಅವರೂ ಕಾದರು.

"ಇನ್ನೂ ಸ್ವಲ್ಪ ಹೇಳಿ ಡಾಕ್ಟ್ರೇ."

"ಅಡ್ಡಿಲ್ಲ ಅಂದೆನಲ್ಲ ಮಾರಾಯ್ತಿ! ನನ್ನ ಮದುವೆ ಊಟಕ್ಕೂ ನಾನು ಅಷ್ಟೇ ಹೇಳಿದ್ದು."

ನಮ್ಮ ಕಡೆ ಹೀಗೆಯೇ. ಎರಡು ಪಾಯಸದ ಊಟ ಮುಗಿಸಿ ಏಳಲಾಗದೆ ಕುಳಿತವನೂ ಅಡ್ಡಿಲ್ಲ ಎನ್ನುತ್ತಾನೆ. ಅದಕ್ಕಿಂತ ಮೇಲಿನ ಹೊಗಳಿಕೆ ನಮ್ಮ ಉಗ್ರಾಣದಲ್ಲಿ ಇಲ್ಲ. ಇದು ಪುಣೆಗೆ ಹೇಗೆ ಗೊತ್ತಾಗಬೇಕು?

ಮರುದಿನ ಕುಂಜತ್ತೂರಿನ ಅಪೊಲೋನಿಯಾ ಬಾಯಿಯವರ ಮನೆಗೆ ಹೋದೆ. ಅವರ ಮೊಮ್ಮಗ ಸವಿಯೊನ ಕೋಣೆಗೆ ನಾನು ಸಮುದ್ರ ಬರೆದುಕೊಟ್ಟಿದ್ದೆ. ಚಂದ್ರನನ್ನು ನುಂಗಿ ಹೊಟ್ಟೆಯೊಳಗೆ ಬೆಳಕಾದ ದೊಡ್ಡ ಮೀನು, ಆ ಬೆಳಕಲ್ಲಿ ದಾರಿ ನೋಡಿಕೊಂಡು ಹೋಗುವ ಸಣ್ಣ ಮೀನುಗಳು. ಬಾಯಿ ನನಗೆ ಕಾಫಿ ಕೊಟ್ಟರು, ಬಾಳೆಹಣ್ಣಿನ ಹಲ್ವ ಕೊಟ್ಟರು, ಮಾತು ಮಾತ್ರ ಕೊಡಲೊಲ್ಲರು.

"ಎದುರೆದುರು ಹೊಗಳ್ಲಿಕ್ಕೆ ಇಲ್ಲ ಮಗಾ. ದೃಷ್ಟಿ ಆಗ್ತದೆ. ನಾಳೆ ನಿನ್ನ ಕೈಗೆ ಎಂತಾದ್ರೂ ಆದ್ರೆ? ನನ್ನಿಂದ ಆಗುದಿಲ್ಲಪ್ಪ."

"ಬಾಯೀ, ನೀವು ಹೇಳದಿದ್ರೆ ನನ್ನ ಕೈಗೆ ಬಿಲ್ ಪುಸ್ತಕ ಬರ್ತದೆ!"

"ಬರ್ಲಿ. ದೃಷ್ಟಿಗಿಂತ ಅದು ಒಳ್ಳೇದು."

ನಾನು ಫೋನನ್ನು ಚೀಲಕ್ಕೆ ಹಾಕಿ, ಹಲ್ವದ ಕೊನೆಯ ತುಂಡನ್ನು ದುಃಖದಿಂದ ಬಾಯಿಗೆ ಹಾಕಿಕೊಂಡೆ. ಬಾಯಿ ತಟ್ಟೆ ಎತ್ತಿಕೊಳ್ಳುತ್ತ ಗೊಣಗಿದರು.

"ಹೊಗಳುದು ಬೇರೆ ಕೇಡು! ನೀನು ಮಾಡಿಟ್ಟ ಉಪದ್ರ ಯಾರಿಗೆ ಹೇಳುದು? ಆ ಪೋಕ್ರಿ ಈಗ ರಜೆಗೂ ಅವನ ಅಮ್ಮನ ತವರಿಗೆ ಹೋಗುದೇ ಇಲ್ಲ. ಮೀನಿನ ಹೊಟ್ಟೆಯಲ್ಲಿ ಲೈಟ್ ಉಂಟಂತೆ, ಕೋಣೆಯ ಲೈಟ್ ಬೇಡವಂತೆ. ಮೊದಲು ಕತ್ತಲೆ ಅಂದ್ರೆ ಕಿರುಚ್ತಿದ್ದವ! ಈಗ ನಾನು ಕತ್ತಲೆಯಲ್ಲಿ ತಡಕಿಕೊಂಡು ಹೋಗಿ ಅವನಿಗೆ ಹೊದೆಸ್ಬೇಕು. ಮೊನ್ನೆ ಮಂಚಕ್ಕೆ ತಾಗಿ ಮೊಣಕಾಲು ಊದಿದೆ, ನೋಡು!"

ಊದಿದ ಮೊಣಕಾಲನ್ನು ನೋಡುತ್ತ ನಾನು ಹಲ್ವ ನುಂಗುವುದನ್ನೇ ಮರೆತೆ. ಅಜ್ಜಿಯ ಕಥೆಯೊಂದು ನೆನಪಾಗಿತ್ತು. ಒಬ್ಬ ರಾಜ, ನನ್ನ ಮಂತ್ರಿ ಒಳ್ಳೆಯವನೋ ಎಂದು ಊರನ್ನೆಲ್ಲ ಕೇಳಿದನಂತೆ. ಒಬ್ಬರೂ ತುಟಿ ತೆರೆಯಲಿಲ್ಲ. ಮಂತ್ರಿಯ ಮೇಲೆ ದೂರು ಇದ್ದವರು ಬನ್ನಿ ಎಂದು ಡಂಗುರ ಹೊಡೆಸಿದ. ಕೋಟೆ ಬಾಗಿಲಿನಿಂದ ಹೊಳೆಯವರೆಗೆ ಸಾಲು ನಿಂತಿತಂತೆ. ಆ ದೂರುಗಳಲ್ಲೇ ರಾಜನಿಗೆ ಮಂತ್ರಿಯ ಒಳ್ಳೆಯತನ ಕಂಡಿತಂತೆ.

"ಬಾಯೀ," ಎಂದೆ, "ಹೊಗಳುವುದು ಬೇಡವೇ ಬೇಡ. ಈಗ ಹೇಳಿದಿರಲ್ಲ, ಆ ದೂರನ್ನೇ ಇನ್ನೊಮ್ಮೆ ಹೇಳ್ತೀರಾ? ನೀವು ಒಪ್ಪಿದ್ರೆ ವಿಡಿಯೊ ಮಾಡಿ ಆ ಶಾಲೆಯವರಿಗೆ ಕಳಿಸ್ತೇನೆ."

"ದೂರಾ? ದೂರಿಗೆ ದೃಷ್ಟಿ ಇಲ್ಲ. ನಿಲ್ಲು, ಸೀರೆ ಬದಲಿಸಿ ಬರ್ತೇನೆ."

ಶುಕ್ರವಾರ ಶಿರಿಯದ ಅಂಗನವಾಡಿಯಲ್ಲಿ ಪಂಕಜಾಕ್ಷಿ ಟೀಚರಿಗೆ ನಾನು ಕೇಳಿದ್ದೇ ಬೇರೆ.

"ಟೀಚರೇ, ನನ್ನ ಚಿತ್ರದಿಂದ ನಿಮಗೆ ಎಂತಾದ್ರೂ ತೊಂದರೆ ಉಂಟಾ?"

ಟೀಚರು ಇಷ್ಟು ದಿನ ಈ ಪ್ರಶ್ನೆಗೇ ಕಾದು ಕುಳಿತವರಂತೆ ಸೆರಗು ಸಿಕ್ಕಿಸಿಕೊಂಡು ನಿಂತರು.

"ಒಂದಾ ಎರಡಾ! ನೀನು ಅಲ್ಲೊಂದು ಆಡು ಬರೆದಿದ್ದೀಯಲ್ಲ, ಕೊಡೆ ಹಿಡಿದುಕೊಂಡು ಸಂತೆಗೆ ಹೋಗುದು, ಅದಕ್ಕೆ ಹಸಿವೆಯಂತೆ. ದಿನಾ ಉಪ್ಪಿಟ್ಟು ಕೊಟ್ಟ ಕೂಡ್ಲೇ ಮಕ್ಕಳೆಲ್ಲ ಎದ್ದು ಹೋಗಿ ಅದರ ಬಾಯಿಗೆ ಮೆತ್ತುದು! ಆಡು ತಿಂದ ಮೇಲೆ ತಾವು ತಿನ್ನುದು. ಮೊದಲು ತಟ್ಟೆ ನೋಡಿದ್ರೆ ಮುಖ ತಿರುಗಿಸ್ತಿದ್ದ ಆ ಸಣ್ಣ ಹುಡುಗಿ ಕಿನ್ನಿ ಕೂಡ ಆಡಿನ ಪಾಲಿಗೆ ಅಂತ ಎರಡನೇ ಸಲ ಕೇಳ್ತಾಳೆ. ಗೋಡೆ ಒರೆಸುವವಳು ನಾನು! ಒಂದು ವರ್ಷ ಒರೆಸಿದೆ, ನಿನ್ನ ಬಣ್ಣವಾದ್ರೂ ಹೋಗ್ತದಾ? ಅದೂ ಇಲ್ಲ!"

ವಾಪಸ್ಸು ಬರುವಾಗ ಡಾಕ್ಟರ ಕ್ಲಿನಿಕ್ಕಿಗೂ ಹೊಕ್ಕೆ. ದೂರು ಎಂದ ಕೂಡಲೇ ಅವರ ಮುಖ ಅರಳಿತು. ಮಕ್ಕಳು ಚಿಕಿತ್ಸೆ ಮುಗಿದರೂ ಹೊರಗೆ ಹೋಗುವುದಿಲ್ಲವಂತೆ. ಮೊಸಳೆಗೆ ಹುಳುಕು ಹಲ್ಲು ಎಷ್ಟೆಂದು ಹುಡುಕುತ್ತ ನಿಲ್ಲುತ್ತವೆಯಂತೆ. "ಹೊರಗೆ ಜನ ಬೈತಾರೆ ಮಾರಾಯ್ತಿ. ಮೊದಲು ಮಕ್ಕಳನ್ನು ಒಳಗೆ ತರುದು ಕಷ್ಟ ಇತ್ತು, ಈಗ ಹೊರಗೆ ಹಾಕುದು ಕಷ್ಟ!"

ಮನೆಗೆ ಬಂದು ಮೂರು ವಿಡಿಯೊಗಳನ್ನೂ ಅಮ್ಮನಿಗೆ ತೋರಿಸಿದೆ. ಅಮ್ಮ ಹಣೆ ಚಚ್ಚಿಕೊಂಡಳು.

"ಕೆಲಸ ಕೇಳ್ಲಿಕ್ಕೆ ಯಾರಾದ್ರೂ ದೂರು ಕಳಿಸ್ತಾರಾ? ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಉಪ್ಪಿಟ್ಟು. ಇದನ್ನು ನೋಡಿ ಕೇಸ್ ಹಾಕದಿದ್ರೆ ಪುಣ್ಯ."

ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ನಾನು ತುಂಬ ಹೊತ್ತು ಕುಳಿತೆ. ಆದರೆ ಅಂದವಾಗಿ ಹೊಗಳುವವರನ್ನು ಎಲ್ಲಿಂದ ತರಲಿ? ತಂದರೂ ಅವರು ನನ್ನ ಗೋಡೆಯ ಜೊತೆ ಬದುಕಿದವರಾಗಿರುವುದಿಲ್ಲ. ವಿಡಿಯೊಗಳ ಕೆಳಗೆ ಪುಣೆಯವರಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲಿ ಸಾಲುಗಳನ್ನು ಹಾಕಿ, ಒಂದು ಮಾತನ್ನೂ ಸಿಹಿ ಮಾಡದೆ, ಕಣ್ಣು ಮುಚ್ಚಿ ಒತ್ತಿಬಿಟ್ಟೆ.

ಶನಿವಾರ ಸಂಜೆ ಮೆರ್ಲಿನ್ ಮೇಡಂ ಕರೆ ಮಾಡಿದರು. ಮೊದಲು ನಗುವೇ ಕೇಳಿಸಿತು.

"ಎಂತ ಕಳಿಸಿದ್ದು ನೀವು! ಮೀಟಿಂಗಲ್ಲಿ ಎರಡೆರಡು ಸಲ ಹಾಕಿ ನೋಡಿದ್ರು. ಗೋಡೆ ನಿಮಗೇ. ಆದ್ರೆ ಅವರದ್ದೊಂದು ಕಂಡೀಷನ್ ಉಂಟು. ಪ್ರಾಣಿಗಳ ಬಾಯಿ ಎಲ್ಲ ಮಕ್ಕಳ ಕೈಗೆ ಸಿಗದಷ್ಟು ಮೇಲೆ ಬರ್ಬೇಕಂತೆ."

"ಮೇಡಂ, ಒಂದು ಆಡಾದ್ರೂ ಕೆಳಗೆ ಇರ್ಲಿ. ಕೈ ತಲುಪದಿದ್ರೆ ಮಕ್ಕಳು ಊಟ ಕೊಡುದು ಯಾರಿಗೆ?"

ಆ ಕಡೆ ಮತ್ತೆ ನಗು ಕೇಳಿಸಿತು.

"ಒಂದೇ ಆಡು," ಎಂದರು ಮೆರ್ಲಿನ್. "ನಾನು ಹೇಳಿ ಒಪ್ಪಿಸ್ತೇನೆ. ಒರೆಸ್ಲಿಕ್ಕೆ ಆಗುವ ಬಣ್ಣ ಹಾಕಿ. ಸೋಮವಾರ ಬನ್ನಿ."

ನಾನು ಫೋನಿಟ್ಟು ಕುಣಿಯುವ ಮೊದಲೇ ಅಮ್ಮ ಜಗಲಿಗೆ ಹೋಗಿ ಮಾವನಿಗೆ ಫೋನು ಹಚ್ಚಿದ್ದಳು. ಪಕ್ಕದ ಮನೆಯ ಕಿಟಕಿಗೆ ಎದುರಾಗಿ, ಪೇಟೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ದೂರುತ್ತಿದ್ದಳು.

"ಎಂತ ಮಾಡುದು ಅಣ್ಣಾ, ಸೋಮವಾರ ಬರ್ಲಿಕ್ಕೆ ಅವಳಿಗೆ ಪುರುಸೊತ್ತೇ ಇಲ್ಲ. ಮಂಗಳೂರಲ್ಲಿ ಮೂರು ಮಾಳಿಗೆಯ ಶಾಲೆ, ಗೋಡೆ ಪೂರ್ತಿ ಇವಳೇ ಮಾಡ್ಬೇಕಂತೆ. ಮತ್ತೆ ಪುಣೆಯವರಂತೆ, ಬಿಡುದೇ ಇಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ, ನನಗೆ ಅದೊಂದು ತಲೆಬಿಸಿ ಬೇರೆ..."