ಸೊಸೆಯ ಮನೆಯ ಬಾಗಿಲು

ಇರಾಕಿನಲ್ಲಿ ಹೆಲಿಕಾಪ್ಟರ್ ಒಂದು ಬಿದ್ದಿದೆ, ಒಳಗಿದ್ದವರು ಯಾರೂ ಉಳಿದಿಲ್ಲ ಎಂದು ಬೆಳಗಿನ ರೇಡಿಯೋ ಹೇಳಿದಾಗ ಲಂಡನ್ನಿನ ಪಿನ್ನರ್‌ನಲ್ಲಿದ್ದ ಡಾಕ್ಟರ್ ಕಲ್ಯಾಣಿಗೆ ಕೈಕಾಲು ಆಡಲಿಲ್ಲ. ಮಗ ಅಮೋಘ್ ಪೈಲಟ್ ಆಗಿದ್ದ ಬ್ರಿಟಿಷ್ ವಾಯುಪಡೆಯ ತುಕಡಿಯದೇ ಹೆಲಿಕಾಪ್ಟರ್ ಅದು. ಬಾಸ್ನಿಯಾ ಯುದ್ಧದ ಕಾಲದಿಂದಲೂ ಗಾಯಾಳುಗಳನ್ನು ಹೊತ್ತು ತರುವುದೇ ಆ ತುಕಡಿಯ ಕೆಲಸ. ಗುಂಡು ಹಾರುವ ಕಡೆಗೇ ಹೋಗಿ ಇಳಿಯಬೇಕು. ಸತ್ತವರ ಹೆಸರನ್ನು ಮನೆಯವರಿಗೆ ತಿಳಿಸಿದ ಮೇಲೆಯೇ ಹೊರಗೆ ಹೇಳುವುದಂತೆ.

ಕೆಟ್ಟ ಸುದ್ದಿಯಾದರೆ ವಾಯುಪಡೆಯವರು ಮನೆಗೇ ಬಂದು ಹೇಳುತ್ತಾರೆ, ಮಧ್ಯಾಹ್ನವಾದರೂ ಯಾರೂ ಬಂದಿಲ್ಲವಲ್ಲ ಎಂದು ಗಂಡ ಲಕ್ಷ್ಮೀಶ ಸಮಾಧಾನ ಮಾಡಿದರು. ಕಲ್ಯಾಣಿ ದೇವರಿಗೆ ದೀಪ ಹಚ್ಚಿ ತಟ್ಟೆಯ ಮುಂದೆ ಕೂತಳು. ತುತ್ತು ಗಂಟಲಲ್ಲಿರುವಾಗಲೇ ಹೊಳೆಯಿತು: ಮದುವೆಯಾದವನ ಸುದ್ದಿ ಹೆತ್ತವರ ಮನೆಗೇಕೆ ಬರುತ್ತದೆ? ಮೊದಲು ಹೆಂಡತಿಯ ಮನೆಗೆ ಹೋಗುತ್ತದೆ.

ಆ ಹೆಂಡತಿಯ ಜೊತೆ ಎರಡು ವರ್ಷದಿಂದ ಮಾತಿಲ್ಲ. ಯುದ್ಧಕ್ಕೆ ಹೊರಟವನನ್ನು ತಡೆಯಲಿಲ್ಲ ಎಂಬುದು ಸಿರಿಶಾಳ ಮೇಲಿನ ದೂರು. ಹೆತ್ತು ಸಾಕಿದವಳ ಕೈಲಾಗದ್ದು ನಿನ್ನೆ ಮೊನ್ನೆ ಬಂದ ಹುಡುಗಿಯ ಕೈಲಾಗಬೇಕಿತ್ತು. ಅತ್ತೆಯರ ನ್ಯಾಯವೇ ಹಾಗೆ. ಫೋನ್ ಮಾಡಿದರೆ ಎಂಗೇಜ್. ಗಂಡನನ್ನು ಫೋನಿನ ಬಳಿ ಕೂರಿಸಿ ಕಾರು ತೆಗೆದಳು.

ಗ್ರೀನ್‌ಫರ್ಡ್‌ನಲ್ಲಿದ್ದ ಸೊಸೆಯ ಮನೆ ತಲುಪಿ ಬೆಲ್ ಒತ್ತಿದಳು. ಬಾಗಿಲಿನ ಮಸುಕು ಗಾಜಿನಾಚೆ ಸಿರಿಶಾ ಮೆಟ್ಟಿಲ ಮೇಲೆ ಕೂತಿರುವುದು ಕಾಣುತ್ತಿತ್ತು. ಏಳಲಿಲ್ಲ. ಇಂಥ ಹೊತ್ತಿನಲ್ಲೂ ಹಟವೇ ಎಂದು ಕಲ್ಯಾಣಿಗೆ ಸಿಟ್ಟು ನೆತ್ತಿಗೇರಿತು, ಮತ್ತೆ ಒತ್ತಿದಳು. ಒಳಗಿದ್ದವಳು ಎರಡೂ ಕಿವಿ ಮುಚ್ಚಿಕೊಂಡಳು.

ಆಗ ಅರ್ಥವಾಯಿತು. ಬಂದವರು ಸುದ್ದಿ ತಂದವರೆಂದೇ ಅವಳು ತಿಳಿದಿದ್ದಾಳೆ. ಬಾಗಿಲು ತೆಗೆಯದಿರುವಷ್ಟು ಹೊತ್ತು ಅಮೋಘ್ ಬದುಕಿರುತ್ತಾನೆ. ಎಂಥ ಕೆಲಸ ಮಾಡಿಬಿಟ್ಟೆ ಎಂದು ಕಲ್ಯಾಣಿ ಬೆಲ್ಲಿನಿಂದ ಕೈ ತೆಗೆದಳು. ಮಂಡಿಯೂರಿ, ಬಾಗಿಲಲ್ಲಿದ್ದ ಕಾಗದ ಹಾಕುವ ಕಿಂಡಿಗೆ ಬಾಯಿಟ್ಟಳು.

"ಸಿರಿಶಾ, ನಾನಮ್ಮ, ನಿಮ್ಮತ್ತೆ. ನಂಗೂ ಏನೂ ಗೊತ್ತಿಲ್ಲ. ನಿನ್ ಜೊತೆ ಕೂತ್ಕೊಳ್ಳಕ್ಕೆ ಬಂದೆ, ಅಷ್ಟೆ."

ಬಾಗಿಲು ತೆರೆಯಿತು. ಸಿರಿಶಾ ಅತ್ತೆಯ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಇಬ್ಬರೂ ಮೆಟ್ಟಿಲ ಮೇಲೆಯೇ ಒತ್ತಿಕೊಂಡು ಕೂತರು. ಟೀ ಮಾಡುವ ಯೋಚನೆ ಯಾರಿಗೂ ಬರಲಿಲ್ಲ.

ಸಂಜೆ ಬೆಲ್ ಆಯಿತು. ಗಾಜಿನಾಚೆ ಟೋಪಿ ಹಾಕಿದ ಇಬ್ಬರು ನಿಂತಿದ್ದರು. ಸಿರಿಶಾ ಎದ್ದು ಮತ್ತೆ ಕಿವಿ ಮುಚ್ಚಿಕೊಂಡಳು. ಅವಳನ್ನು ಕೂರಿಸಿ ಕಲ್ಯಾಣಿಯೇ ಬಾಗಿಲು ತೆಗೆದಳು. ಅಧಿಕಾರಿಯೊಬ್ಬ ಟೋಪಿ ತೆಗೆದು, ಅಮೋಘ್ ಅವರ ಪತ್ನಿಯನ್ನು ನೋಡಬೇಕಿತ್ತು, ತಾವು ಯಾರು ಎಂದು ಮೆಲ್ಲಗೆ ಕೇಳಿದ.

ಅವನ ತಾಯಿ ಎನ್ನಲು ಬಾಯಿ ತೆರೆದಳು. ಬೆನ್ನ ಹಿಂದೆ ಸಿರಿಶಾ ಗೋಡೆ ಹಿಡಿದು ಮತ್ತೆ ಏಳುತ್ತಿದ್ದಳು.

"ಅವಳ ತಾಯಿ," ಎಂದಳು ಕಲ್ಯಾಣಿ. "ಒಳಗೆ ಬನ್ನಿ."