ಅಲಂಕಾರವಲ್ಲದ ಸಾಲು

ಹತ್ತನೆಯ ತರಗತಿಯ ಮಕ್ಕಳಿಗೆ ಅಲಂಕಾರವೆಂದರೆ ನಿದ್ದೆ ಬರುತ್ತಿತ್ತು. ಗಜೇಂದ್ರಗಡದ ಆ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದ ನಾಗರತ್ನಾ ಟೀಚರಿಗೆ ಅದು ಗೊತ್ತಿತ್ತು. ಅದಕ್ಕೇ ಈ ಸಲ ಹಳೆಯ ಪದ್ಯಗಳನ್ನು ಬದಿಗಿಟ್ಟು, ವಾರಪತ್ರಿಕೆಯಲ್ಲಿ ಬಂದಿದ್ದ ಲೇಖನವೊಂದನ್ನು ಜೆರಾಕ್ಸ್ ಮಾಡಿಸಿ ತಂದಿದ್ದಳು. ದೂರದ ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳನ್ನು ಹೇಗೆ ದುಡಿಸಿಕೊಳ್ಳುತ್ತಾರೆ ಎಂಬ ಲೇಖನ ಅದು.

ಪಾಠ ಚೆನ್ನಾಗಿಯೇ ನಡೆಯಿತು. ‘ಮಷಿನ್ನುಗಳು ಹಸಿದ ನಾಯಿಗಳಂತೆ ಗುರುಗುಟ್ಟುತ್ತವೆ’ ಎಂಬ ಸಾಲಿಗೆ ಉಪಮೆ ಎಂದು ಹಿಂದಿನ ಬೆಂಚಿನವರೂ ಕೂಗಿದರು. ‘ಗಡಿಯಾರವೇ ಇಲ್ಲಿಯ ಯಜಮಾನ’, ರೂಪಕ. ‘ಇಲ್ಲಿಯ ಗಂಟಲುಗಳು ನೀರಿಗೆ ಹೆದರುತ್ತವೆ’ ಎಂಬಲ್ಲಿ ಎಲ್ಲರೂ ತಡವರಿಸಿದಾಗ ನಾಗರತ್ನಾ ತಾನೇ ಬಿಡಿಸಿ ಹೇಳಿದಳು. ಇದು ಅತಿಶಯೋಕ್ತಿ. ಓದುವವರ ಮನಸ್ಸು ಕರಗಲಿ ಎಂದು ಲೇಖಕರು ಇದ್ದದ್ದನ್ನು ಹಿಗ್ಗಿಸಿ ಹೇಳಿದ್ದಾರೆ.

ಸೂಡಿಯಿಂದ ಬಸ್ಸಿಗೆ ಬರುವ ನೀಲಾ ಎದ್ದು ನಿಂತಳು. ಹೆಚ್ಚು ಮಾತಾಡುವ ಹುಡುಗಿಯಲ್ಲ.

“ಟೀಚರ್, ಅದು ಅಲಂಕಾರ ಅಲ್ರಿ. ಖರೇನ ಹೆದರ್ತಾರ್ರಿ.”

“ನೀರಿಗೆ ಯಾರರ ಹೆದರ್ತಾರೇನವಾ? ಹುಚ್ಚನಾಯಿ ಕಡದವ್ರು ಹೆದರ್ತಾರ, ಅಷ್ಟ,” ಎಂದಳು ನಾಗರತ್ನಾ.

ತರಗತಿ ಗೊಳ್ಳೆಂದು ನಕ್ಕಿತು. ನಾಗರತ್ನಾಳೂ ನಕ್ಕಳು. ನೀಲಾ ಕೂತುಕೊಂಡಳು.

ಮರುವಾರದ ಕಿರುಪರೀಕ್ಷೆಯಲ್ಲಿ ಅದೇ ಲೇಖನದ ಮೇಲೆ ಎರಡು ಪ್ರಶ್ನೆಗಳಿದ್ದವು. ಶನಿವಾರ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಉತ್ತರಗಳನ್ನು ತಿದ್ದುತ್ತಾ ಕೂತಿದ್ದ ನಾಗರತ್ನಾಳ ಕೈಗೆ ನೀಲಾಳ ಹಾಳೆ ಬಂತು. ಆ ಸಾಲಿನಲ್ಲಿರುವ ಅಲಂಕಾರ ಯಾವುದು ಎಂಬುದಕ್ಕೆ ಅವಳು ಬರೆದಿದ್ದಳು: ‘ಯಾವುದೂ ಅಲ್ಲ. ನೀರು ಕುಡಿದರೆ ಸಂಡಾಸಕ್ಕೆ ಹೋಗಬೇಕಾಗುತ್ತದೆ. ಸೂಪರ್‌ವೈಸರ್ ಬಿಡುವುದಿಲ್ಲ. ಆದ್ದರಿಂದ ಅವರು ನೀರು ಕುಡಿಯುವುದಿಲ್ಲ.’ ನಾಗರತ್ನಾ ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದಳು. ಲೇಖಕರ ಉದ್ದೇಶವೇನು ಎಂಬುದಕ್ಕೆ ಒಂದೇ ಸಾಲಿನ ಉತ್ತರವಿತ್ತು. ‘ಆ ಹುಡುಗಿಯರು ಹೇಳಿದಾಗ ಯಾರೂ ನಂಬಲಿಲ್ಲ, ಅದಕ್ಕೆ ಲೇಖಕರು ಬರೆದರು.’

ಪೆನ್ನು ಅಲ್ಲೇ ನಿಂತಿತು.

ನೀಲಾಳ ಅಕ್ಕ ಹುಲಿಗೆವ್ವ ಇದೇ ಶಾಲೆಯಲ್ಲಿ ಓದಿದವಳು. ಮೂರು ವರ್ಷಗಳ ಹಿಂದೆ ಗಣಿತದಲ್ಲಿ ನಪಾಸಾಗಿ ಮನೆಯಲ್ಲಿ ಕೂತಿದ್ದಾಗ, ಕಾರ್ಖಾನೆಯೊಂದರ ಜನ ಹುಡುಗಿಯರನ್ನು ಹುಡುಕಿಕೊಂಡು ಶಾಲೆಗೆ ಬಂದಿದ್ದರು. ಹಾಸ್ಟೆಲ್ ಐತಿ, ಊಟ ಐತಿ, ಕೆಲಸ ಕಲಿಸ್ತಾರ ಎಂದು ಹುಲಿಗೆವ್ವನ ತಾಯಿ ರೇಣವ್ವನನ್ನು ಒಪ್ಪಿಸಿದವಳು ನಾಗರತ್ನಾಳೇ. ಆದರೆ ಈಗ ಅವಳ ಕೈಯನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಒಂದು ಫೋನು. ಹೋಗಿ ಐದಾರು ತಿಂಗಳಾದ ಮೇಲೆ ಹುಲಿಗೆವ್ವ ಯಾರದೋ ಮೊಬೈಲಿನಿಂದ ಮಾತಾಡಿದ್ದಳು. ನಾಗರತ್ನಾ ಆಗ ರೋಣದಲ್ಲಿ ತಂಗಿಯ ಜೊತೆ ಸೀರೆ ಅಂಗಡಿಯಲ್ಲಿದ್ದಳು.

“ಟೀಚರ್, ಇಲ್ಲಿ ನೀರ ಕುಡಿಯಾಕೂ ಅಂಜಿಕಿ ಬರತೈತ್ರಿ.”

“ಆಹಾ, ಎಷ್ಟ ಚಂದ ಮಾತಾಡಾಕ ಕಲತೀಯಲ್ಲ! ಸ್ವಲ್ಪ ತಡಕೋ, ಎಲ್ಲಾ ರೂಢಿ ಆಗತೈತಿ,” ಎಂದು ನಾಗರತ್ನಾ ನಕ್ಕಿದ್ದಳು.

ಹುಲಿಗೆವ್ವ ಆ ಮೇಲೆ ಫೋನು ಮಾಡಿರಲಿಲ್ಲ. ನಾಗರತ್ನಾಳಿಗೆ ಅದರ ನೆನಪೂ ಬಂದಿರಲಿಲ್ಲ.

ರವಿವಾರ ಅವಳು ಸ್ಕೂಟಿ ತೆಗೆದುಕೊಂಡು ಸೂಡಿಗೆ ಹೋದಳು. ರೇಣವ್ವ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟು, “ಬರ್ರಿ ಅಕ್ಕಾರ, ನಮ್ಮನಿಗೆ ಬಂದ್ರಲ್ಲ!” ಎಂದು ಸಂಭ್ರಮದಿಂದ ಎದ್ದಳು. ಒಳಗೆ ಗೋಡೆಗೊರಗಿ ಹುಲಿಗೆವ್ವ ಕೂತಿದ್ದಳು. ಪಕ್ಕದಲ್ಲಿ ನೀರಿನ ತಂಬಿಗೆ, ಮಾತ್ರೆಯ ಚೀಟಿ. ಅವಳು ಬಂದು ನಾಲ್ಕು ತಿಂಗಳಾಗಿತ್ತಂತೆ. ಮೂತ್ರದಲ್ಲಿ ಸೋಂಕಾಗಿ, ಅದು ಕಿಡ್ನಿಗೇರಿ, ಜ್ವರದಲ್ಲಿ ಮಷಿನ್ನಿನ ಮೇಲೆ ಬಿದ್ದಾಗ ಹಾಸ್ಟೆಲಿನವರು ಬಸ್ಸು ಹತ್ತಿಸಿದ್ದರು.

“ನಿಮ್ಮ ಉಪಕಾರ ಭಾಳ ಐತ್ರಿ,” ಎಂದಳು ರೇಣವ್ವ. “ನಮ್ಮ ಹುಡುಗಿ ನಾಕ ಮಂದ್ಯಾಗ ಹೋಗಿ ಬರೂಹಂಗ ಆತು. ಜಡ್ಡ ಬಂದ್ರ ಅದಕ್ಕ ಯಾರೇನ ಮಾಡೂದು?”

ರೇಣವ್ವ ಚಹಾ ಮಾಡಲು ಏಳುವವಳಿದ್ದಳು. ಈಗ ಸುಮ್ಮನಿದ್ದುಬಿಟ್ಟರೆ ಆ ಉಪಕಾರದ ಚಹಾ ಕುಡಿದು ಹೋಗಬೇಕಾಗುತ್ತದೆ ಎನಿಸಿತು ನಾಗರತ್ನಾಳಿಗೆ.

“ರೇಣವ್ವ, ಕುಂದರ್ರಿ. ಹುಲಿಗೆವ್ವ ನನಗ ಅಲ್ಲಿಂದ ಫೋನ್ ಮಾಡಿದ್ಲು. ನೀರ ಕುಡಿಯಾಕ ಅಂಜಿಕಿ ಅಂತ ಹೇಳಿದ್ಲು. ನಾ ನಕ್ಕಬಿಟ್ಟೆ. ತಡಕೋ ಅಂದೆ. ನಿಮಗೂ ಹೇಳಲಿಲ್ಲ.”

ರೇಣವ್ವ ಮಗಳ ಕಡೆ ನೋಡಿದಳು. “ಖರೇ ಏನಬೇ?”

ಹುಲಿಗೆವ್ವ ಹೌದೆಂದು ತಲೆಯಾಡಿಸಿದಳು. ಟೀಚರ್ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

“ಅವ್ವಗ ಹೇಳಿದ್ರ ಅಳತಾಳಂತ ನಿಮಗ ಮಾಡಿದ್ದೆ ಟೀಚರ್. ನೀವು ಬಾ ಅಂದಿದ್ರ ಅವತ್ತ ಬರತಿದ್ದೆ.”

ನಾಗರತ್ನಾ ತಪ್ಪಾಯಿತು ಎಂದಳು. ಗದಗಿನಲ್ಲಿ ದೊಡ್ಡ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ರೇಣವ್ವ ಎದ್ದು ಕಟ್ಟೆಗೆ ಹೋಗಿ ಮತ್ತೆ ಮೊರದ ಮುಂದೆ ಕೂತಳು.

“ದವಾಖಾನಿಗೆ ನಾವ ಕರಕೊಂಡ ಹೋಗತೇವ್ರಿ. ನೀವು ಹೋಗಿ ಬರ್ರಿ.”

ಚಹಾದ ಮಾತು ಮತ್ತೆ ಬರಲಿಲ್ಲ. ನೀಲಾ ರಸ್ತೆಯವರೆಗೆ ಜೊತೆಗೆ ಬಂದಳು. ಸ್ಕೂಟಿ ಚಾಲೂ ಮಾಡುವ ಮೊದಲು ನಾಗರತ್ನಾ, “ನಿನ್ನ ಉತ್ತರ ಬರೋಬ್ಬರಿ ಐತಿ. ಪೂರಾ ಮಾರ್ಕ್ಸ್ ಕೊಡತೇನಿ,” ಎಂದಳು.

“ಮಾರ್ಕ್ಸ್ ಇರಲಿ ಬಿಡ್ರಿ. ಅವತ್ತ ಎಲ್ಲಾರೂ ನಕ್ರಲ್ರಿ, ಅವ್ರಿಗೆ ಹೇಳ್ರಿ.”

ಸೋಮವಾರ ಎರಡನೆಯ ಪಿರಿಯಡ್ಡಿನಲ್ಲಿ ನಾಗರತ್ನಾ ಹೇಳಿದಳು. ಮೊದಲು ಬರೀ ಉತ್ತರ ತಿದ್ದಿ ಮುಗಿಸೋಣವೆಂದುಕೊಂಡಿದ್ದಳು. ನೀಲಾ ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ಕಂಡ ಮೇಲೆ ಸೀರೆ ಅಂಗಡಿ, ಫೋನು, ತನ್ನ ನಗು ಎಲ್ಲವನ್ನೂ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಆದರೂ ಸೂಡಿಯ ಮಕ್ಕಳಿಗೆ ತಿಳಿಯಿತು. ಮುಂದಿನ ಬೆಂಚಿನ ಹಾಲೇಶ ಕೈಯೆತ್ತಿದ.

“ಟೀಚರ್, ಹಂಗಾರ ನೀವ್ಯಾಕ ನಂಬಲಿಲ್ರಿ?”

ಅವನು ಕುಹಕದಿಂದ ಕೇಳಿರಲಿಲ್ಲ.

“ನಂಬಿದ್ರ ಏನರ ಮಾಡಬೇಕಾಗ್ತಿತ್ತಪಾ. ಆಕಿನ್ನ ಕಳಿಸಿದಾಕಿ ನಾನ,” ಎಂದಳು ನಾಗರತ್ನಾ.

ಆ ವರ್ಷ ಕಾರ್ಖಾನೆಯ ಜನ ಮತ್ತೆ ಬಂದಾಗ ನಾಗರತ್ನಾ ಅವರ ಎದುರಿಗೇ ಹುಡುಗಿಯರಿಗೆ ಇದನ್ನೆಲ್ಲ ಹೇಳಿದಳು. ಹೆಡ್‌ಮಾಸ್ತರ್ ಮಹಾಲಿಂಗಪ್ಪನವರು ಒಂದು ವಾರ ಅವಳೊಡನೆ ಮಾತಾಡಲಿಲ್ಲ. ಹೆಸರು ಕೊಟ್ಟಿದ್ದ ಆರು ಜನರಲ್ಲಿ ನಾಲ್ವರು ಊರಲ್ಲೇ ಉಳಿದರು, ಇಬ್ಬರು ಹೋದರು.

ಹುಲಿಗೆವ್ವ ಚೇತರಿಸಿಕೊಂಡು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಫರ್ಜಾನಾ ಎಂಬವರ ಟೇಲರಿಂಗ್ ಅಂಗಡಿಗೆ ಹೋಗತೊಡಗಿದಳು. ನಾಗರತ್ನಾ ದಿನಾ ಅದೇ ದಾರಿಯಲ್ಲಿ ಬರುತ್ತಾಳೆ. ಕಂಡಾಗ ಹುಲಿಗೆವ್ವ “ನಮಸ್ಕಾರ್ರಿ ಟೀಚರ್” ಎನ್ನುತ್ತಾಳೆ. ಬರ್ರಿ, ಕುಂದರ್ರಿ ಎಂದು ಇನ್ನೂ ಕರೆದಿಲ್ಲ. ನಾಗರತ್ನಾ ತಾನಾಗಿ ಅಂಗಡಿಯ ಮೆಟ್ಟಿಲು ಹತ್ತಿಲ್ಲ.